ಹಾಳೆಯ ಬೆನ್ನಿಗೆ ಬರೆದ ಸಾಲು: ವಿನ್‌ಲ್ಯಾಂಡ್ ನಕ್ಷೆಯ ಪ್ರಕರಣ

ಹಳೆಯ ಪುಸ್ತಕವೊಂದು ಕೈಗೆ ಬಂದರೆ ಮೊದಲು ಅದರ ಬೆನ್ನು ತಿರುಗಿಸಿ ನೋಡಬೇಕು ಎಂದು ಹಸ್ತಪ್ರತಿಗಳ ನಡುವೆ ಬದುಕು ಕಳೆದವರು ಹೇಳುತ್ತಾರೆ. ರಟ್ಟಿನ ಒಳಮೈ, ಬಿಟ್ಟ ಹಾಳೆ, ಹೊಲಿಗೆಯ ದಾರ, ಹುಳು ಕೊರೆದ ತೂತು, ಯಾರೋ ಅವಸರದಲ್ಲಿ ಗೀಚಿದ ಎರಡು ಪದ, ಇವೆಲ್ಲ ಗ್ರಂಥದ ಮಾತಿಗಿಂತ ಮೊದಲೇ ಸಾಕ್ಷಿ ನುಡಿಯುತ್ತವೆ. ಇಪ್ಪತ್ತನೆಯ ಶತಮಾನದಲ್ಲಿ ಐರೋಪ್ಯ ಹಸ್ತಪ್ರತಿ ಅಧ್ಯಯನವನ್ನು ಅತಿ ಹೆಚ್ಚು ಕಾಡಿದ ಪ್ರಕರಣದಲ್ಲಿ ಎಲ್ಲರ ಕಣ್ಣೂ ಹಾಳೆಯ ಮುಂಬದಿಯ ಮೇಲೆ ನೆಟ್ಟಿತ್ತು. ಹಿಂಬದಿಯಲ್ಲಿ ಒಂದು ಸಾಲು ಲ್ಯಾಟಿನ್ ಇತ್ತು. ಅದನ್ನು ಎಲ್ಲರೂ ಓದಿದ್ದರು. ಅದು ಎಷ್ಟು ಮಸಿಗಳಲ್ಲಿ ಬರೆದದ್ದು ಎಂದು ಸರಿಯಾಗಿ ತಿಳಿದದ್ದು 2021ರಲ್ಲಿ.

ಆ ಹಾಳೆಯೇ ವಿನ್‌ಲ್ಯಾಂಡ್ ನಕ್ಷೆ. ಅಮೆರಿಕದ ಯೇಲ್ ವಿಶ್ವವಿದ್ಯಾಲಯದ ಬೈನೆಕಿ ಗ್ರಂಥಾಲಯದಲ್ಲಿದೆ. ಸುಮಾರು 28 ಸೆಂಟಿಮೀಟರ್ ಎತ್ತರ, 41 ಸೆಂಟಿಮೀಟರ್ ಅಗಲ. ನಡುವೆ ಮಡಿಸಿದ ಚರ್ಮಪತ್ರ. ಅದರ ಮೇಲೆ ತೆಳುವಾದ ಕಂದು ಗೆರೆಗಳಲ್ಲಿ ಯುರೋಪು, ಏಷ್ಯಾ, ಆಫ್ರಿಕಾಗಳ ಆಕಾರ. ಪಶ್ಚಿಮದ ಅಂಚಿನಲ್ಲಿ, ಗ್ರೀನ್‌ಲ್ಯಾಂಡಿನ ಆಚೆಗೆ, ಎರಡು ಆಳವಾದ ಕೊಲ್ಲಿಗಳಿರುವ ದೊಡ್ಡ ದ್ವೀಪ. ಪಕ್ಕದಲ್ಲಿ ‘ವಿನ್ಲಾಂಡಾ ಇನ್ಸುಲಾ’, ಅಂದರೆ ವಿನ್‌ಲ್ಯಾಂಡ್ ದ್ವೀಪ, ಎಂಬ ಬರಹ. ಬ್ಯಾರ್ನಿ ಮತ್ತು ಲೇಫ್ ಎಂಬ ನಾರ್ಸ್ (ಮಧ್ಯಯುಗದ ಸ್ಕ್ಯಾಂಡಿನೇವಿಯಾದ) ನಾವಿಕರು ಅದನ್ನು ಕಂಡುಹಿಡಿದರು, ಮುಂದೆ ಬಿಷಪ್ ಒಬ್ಬರು ಅಲ್ಲಿಗೆ ಹೋದರು ಎಂದು ಮೇಲಿನ ಮೂಲೆಯ ಒಕ್ಕಣೆ ಹೇಳುತ್ತದೆ. ನಕ್ಷೆ 1440ರ ಸುಮಾರಿನದು ಎಂಬುದು ವಾದ. ಅದು ನಿಜವಾಗಿದ್ದರೆ, ಕೊಲಂಬಸ್ 1492ರಲ್ಲಿ ಹಾಯಿ ಬಿಚ್ಚುವುದಕ್ಕೆ ಐವತ್ತು ವರ್ಷ ಮೊದಲೇ ಯುರೋಪಿನ ಯಾವನೋ ಲಿಪಿಕಾರ ಅಮೆರಿಕದ ಒಂದು ತುಣುಕನ್ನು ಬರೆದಿಟ್ಟಿದ್ದ ಎಂದಾಗುತ್ತಿತ್ತು.

ಈ ಹಾಳೆ ಬೆಳಕಿಗೆ ಬಂದ ದಾರಿಯನ್ನು ನಿಧಾನವಾಗಿ ನೋಡಬೇಕು, ಏಕೆಂದರೆ ಮುಂದಿನ ಎಲ್ಲ ತಪ್ಪುಗಳ ಬೇರು ಅಲ್ಲಿದೆ. 1957ರಲ್ಲಿ ಸ್ಪೇನಿನಲ್ಲಿ ನೆಲೆಸಿದ್ದ ಎಂಜೋ ಫೆರಾಜೋಲಿ ಎಂಬ ಇಟಾಲಿಯನ್ ವ್ಯಾಪಾರಿಯ ಕೈಯಲ್ಲಿ ಒಂದು ತೆಳ್ಳನೆಯ ಪುಸ್ತಕವಿತ್ತು. ಹೊಸದಾಗಿ ರಟ್ಟು ಹಾಕಿಸಿದ ಆ ಪುಸ್ತಕದೊಳಗೆ ಎರಡು ವಸ್ತುಗಳು: ನಕ್ಷೆ, ಮತ್ತು ‘ತಾರ್ತಾರರ ವೃತ್ತಾಂತ’ ಎಂದು ಕರೆಯಲಾಗುವ, ಮಂಗೋಲರ ಕುರಿತ ಲ್ಯಾಟಿನ್ ಬರಹ. ಲಂಡನ್ನಿನ ಒಬ್ಬ ಪುಸ್ತಕ ವ್ಯಾಪಾರಿಯ ಮೂಲಕ ಅದನ್ನು ಬ್ರಿಟಿಷ್ ಮ್ಯೂಸಿಯಮ್ಮಿನವರಿಗೆ ತೋರಿಸಲಾಯಿತು. ಅವರು ಕೊಳ್ಳಲಿಲ್ಲ. ಅದೇ ವರ್ಷ ನ್ಯೂ ಹೇವನ್ ಊರಿನ ಹಳೆಯ ಪುಸ್ತಕಗಳ ವ್ಯಾಪಾರಿ ಲಾರೆನ್ಸ್ ವಿಟ್ಟನ್ ಜಿನೀವಾದಲ್ಲಿ 3,500 ಡಾಲರ್ ಕೊಟ್ಟು ಕೊಂಡರು. ಪುಸ್ತಕ ಮೊದಲು ಯಾರ ಮನೆಯಲ್ಲಿತ್ತು, ಯಾವ ಮಠದ ಕಪಾಟಿನಿಂದ ಬಂತು ಎಂಬುದಕ್ಕೆ ಒಂದು ಕಾಗದವೂ ಇರಲಿಲ್ಲ. ವ್ಯಾಪಾರಿಯ ಹೆಸರನ್ನೂ ವಿಟ್ಟನ್ ದೀರ್ಘಕಾಲ ಮುಚ್ಚಿಟ್ಟರು.

ಕೊಂಡವರಿಗೇ ಒಂದು ತೊಡಕು ಕಾಣಿಸಿತ್ತು. ನಕ್ಷೆಯ ಹಾಳೆಯಲ್ಲೂ ಹುಳು ಕೊರೆದ ತೂತುಗಳಿವೆ, ವೃತ್ತಾಂತದ ಹಾಳೆಗಳಲ್ಲೂ ಇವೆ. ಆದರೆ ಒಂದರ ತೂತಿಗೂ ಇನ್ನೊಂದರ ತೂತಿಗೂ ತಾಳೆಯಿಲ್ಲ. ಹುಳುವಿಗೆ ಹಾಳೆಯ ಗಡಿ ಗೊತ್ತಿಲ್ಲ. ಒಂದು ಹಾಳೆಯನ್ನು ಕೊರೆಯುತ್ತಾ ನೇರವಾಗಿ ಮುಂದಿನದಕ್ಕೆ ಇಳಿಯುತ್ತದೆ. ಅಕ್ಕಪಕ್ಕ ಇದ್ದ ಹಾಳೆಗಳ ತೂತುಗಳು ಒಂದರ ಮೇಲೊಂದು ಕೂರಬೇಕು. ಓಲೆಗರಿಯ ಕಟ್ಟುಗಳನ್ನು ಬಿಚ್ಚಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಚದುರಿದ ಗರಿಗಳ ಕ್ರಮವನ್ನು ಹುಳುವಿನ ದಾರಿ ನೋಡಿ ಜೋಡಿಸಿದವರು ನಮ್ಮಲ್ಲೂ ಇದ್ದಾರೆ.

1958ರಲ್ಲಿ ಆ ತೊಡಕು ಬಿಡಿಸಿಕೊಂಡ ರೀತಿ ಯಾರನ್ನಾದರೂ ನಂಬಿಸುವಂಥದ್ದು. ಯೇಲ್ ಗ್ರಂಥಾಲಯದ ಥಾಮಸ್ ಮಾರ್ಸ್ಟನ್ ಅದೇ ಲಂಡನ್ ವ್ಯಾಪಾರಿಯ ಪಟ್ಟಿಯಿಂದ ಬೇರೊಂದು ಹಸ್ತಪ್ರತಿಯನ್ನು ಅಗ್ಗಕ್ಕೆ ತರಿಸಿಕೊಂಡರು. ಹದಿಮೂರನೆಯ ಶತಮಾನದ ಡೊಮಿನಿಕನ್ ವಿದ್ವಾಂಸ ಬೋವೇಯ ವಿನ್ಸೆಂಟ್ ರಚಿಸಿದ ‘ಸ್ಪೆಕ್ಯುಲಮ್ ಹಿಸ್ಟೋರಿಯಾಲೆ’ ಎಂಬ ಮಹಾ ಇತಿಹಾಸಕೋಶದ ಒಂದು ಭಾಗ ಅದು. 21ರಿಂದ 24ನೆಯ ಅಧ್ಯಾಯಗ್ರಂಥಗಳು ಮಾತ್ರ ಅದರಲ್ಲಿದ್ದವು. ಮಾರ್ಸ್ಟನ್ ಅದನ್ನು ಗೆಳೆಯ ವಿಟ್ಟನ್‌ಗೆ ಎರವಲು ಕೊಟ್ಟರು. ವಿಟ್ಟನ್ ಮೂರನ್ನೂ ಒಟ್ಟಿಗಿಟ್ಟು ನೋಡಿದರು. ಸ್ಪೆಕ್ಯುಲಮ್‌ನ ಮೊದಲ ಹಾಳೆಗಳ ತೂತುಗಳು ನಕ್ಷೆಯ ತೂತುಗಳಿಗೆ ಕೂತವು. ಕೊನೆಯ ಹಾಳೆಗಳ ತೂತುಗಳು ತಾರ್ತಾರರ ವೃತ್ತಾಂತಕ್ಕೆ ಕೂತವು. ಮುಂದೆ ನಕ್ಷೆ, ನಡುವೆ ಸ್ಪೆಕ್ಯುಲಮ್, ಕೊನೆಗೆ ವೃತ್ತಾಂತ: ಮೂರೂ ಒಂದು ಕಾಲಕ್ಕೆ ಒಂದೇ ಪುಸ್ತಕ. ಎರಡು ಬರಹಗಳ ಕೈಯೂ ಒಂದೇ. ಎರಡರಲ್ಲೂ ಚರ್ಮಪತ್ರದ ನಡುವೆ ಕಾಗದ ಸೇರಿಸಿದ ಕಟ್ಟುಗಳು. ಕಾಗದದಲ್ಲಿ ಹದಿನೈದನೆಯ ಶತಮಾನದ ನಡುವಿನ ಎತ್ತಿನ ತಲೆಯ ನೀರಗುರುತು, ಅಂದರೆ ಬೆಳಕಿಗೆ ಹಿಡಿದರೆ ಕಾಣುವ ಕಾಗದ ತಯಾರಕರ ಗುರುತು.

ಇಲ್ಲಿ ಒಂದು ಕ್ಷಣ ನಿಲ್ಲಬೇಕು. ಈ ವಾದದಲ್ಲಿ ಸುಳ್ಳು ಒಂದೂ ಇಲ್ಲ. ಮೂರೂ ಹಾಳೆಗಳು ಒಂದೇ ಪುಸ್ತಕದವು ಎಂಬುದು ಇಂದಿಗೂ ನಿಂತಿದೆ. ತಪ್ಪಿದ್ದು ಮುಂದಿನ ಹೆಜ್ಜೆಯಲ್ಲಿ. ಹಾಳೆ ಹಳೆಯದು, ಆದ್ದರಿಂದ ಹಾಳೆಯ ಮೇಲಿನ ಗೆರೆ ಹಳೆಯದು ಎಂದುಕೊಂಡರು. ಹುಳು ಸಾಕ್ಷಿ ಹೇಳುವುದು ಚರ್ಮದ ಬಗ್ಗೆ ಮಾತ್ರ. ದಪ್ಪ ಪುಸ್ತಕಗಳ ಮುಂದೆ ಕಾವಲಿಗೆಂದು ಬರಿಯ ಹಾಳೆ ಬಿಡುವುದು ಅಂದಿನ ರೂಢಿ. ಐದು ಶತಮಾನ ಖಾಲಿ ಕೂತಿದ್ದ ಹಾಳೆಗೂ ಹುಳು ಬೀಳುತ್ತದೆ. ಅಂಥ ಹಾಳೆಯೊಂದು ಕೈಗೆ ಸಿಕ್ಕವನಿಗೆ ಬೇಕಾದದ್ದು ಮಸಿ ಮತ್ತು ಧೈರ್ಯ ಮಾತ್ರ.

ನಕ್ಷೆಯನ್ನು ಕೊಂಡು ಯೇಲ್‌ಗೆ ಕೊಟ್ಟವರು ಶ್ರೀಮಂತ ದಾನಿ ಪಾಲ್ ಮೆಲ್ಲನ್. ದೃಢಪಟ್ಟ ಮೇಲೆ ದಾನ ಎಂಬುದು ಒಪ್ಪಂದ. ದೃಢಪಡಿಸುವ ಕೆಲಸ ಮೂವರ ಕೈಗೆ ಬಂತು: ಮಾರ್ಸ್ಟನ್, ಮತ್ತು ಬ್ರಿಟಿಷ್ ಮ್ಯೂಸಿಯಮ್ಮಿನ ಆರ್. ಎ. ಸ್ಕೆಲ್ಟನ್ ಹಾಗೂ ಜಾರ್ಜ್ ಪೇಂಟರ್. ಮೂವರೂ ತಮ್ಮ ತಮ್ಮ ಕ್ಷೇತ್ರದಲ್ಲಿ ಸಮರ್ಥರು. ಸ್ಕೆಲ್ಟನ್ ಭೂಪಟಗಳ ವಿಭಾಗದ ಮುಖ್ಯಸ್ಥರಾಗಿದ್ದರು. ಆದರೆ ಕೆಲಸ ನಡೆದದ್ದು ವರ್ಷಗಟ್ಟಲೆ ಗುಟ್ಟಿನಲ್ಲಿ. ಬೇರೆ ವಿದ್ವಾಂಸರಿಗೆ ಹಾಳೆಯನ್ನು ತೋರಿಸಿ, ಅವರ ಆಕ್ಷೇಪ ಕೇಳಿ, ಉತ್ತರ ಹುಡುಕುವ ಅವಕಾಶ ಅವರಿಗಿರಲಿಲ್ಲ. ಮಸಿಯ ರಾಸಾಯನಿಕ ಪರೀಕ್ಷೆಯೂ ಆಗಲಿಲ್ಲ. ನನ್ನ ಮಟ್ಟಿಗೆ ಈ ಪ್ರಕರಣದ ನಿಜವಾದ ಲೋಪ ಈ ಗುಟ್ಟು. ಕೃತಕ ಹಸ್ತಪ್ರತಿಯೊಂದು ಹತ್ತು ಜನರ ಎದುರು ಒಂದು ಮಧ್ಯಾಹ್ನ ನಿಲ್ಲಲಾರದು. ಮೂವರ ನಡುವೆ ಮುಚ್ಚಿದ ಬಾಗಿಲಿನ ಹಿಂದೆ ಏಳು ವರ್ಷ ಬದುಕಬಲ್ಲದು.

1965ರ ಅಕ್ಟೋಬರ್ 11ರಂದು, ಕೊಲಂಬಸ್ ದಿನದ ಹಿಂದಿನ ದಿನ, ಯೇಲ್ ವಿಶ್ವವಿದ್ಯಾಲಯದ ಮುದ್ರಣಾಲಯ ದೊಡ್ಡ ಗ್ರಂಥವನ್ನು ಹೊರತಂದಿತು. ಪತ್ರಿಕೆಗಳ ಮುಖಪುಟಗಳು ತುಂಬಿದವು. ಇಟಾಲಿಯನ್ ಮೂಲದ ಅಮೆರಿಕನ್ನರು ತಮ್ಮ ಕೊಲಂಬಸ್‌ಗೆ ಅವಮಾನವಾಯಿತೆಂದು ಕೆರಳಿದರು. ಆ ಗದ್ದಲದಲ್ಲಿ ವಿದ್ವಾಂಸರ ಪ್ರಶ್ನೆಗಳು ಸ್ವಲ್ಪ ಕಾಲ ಕೇಳಿಸಲಿಲ್ಲ. ಮರುವರ್ಷ ಸ್ಮಿತ್‌ಸೋನಿಯನ್ ಸಂಸ್ಥೆಯಲ್ಲಿ ನಡೆದ ಸಮ್ಮೇಳನದ ಹೊತ್ತಿಗೆ ಅವು ಗಟ್ಟಿಯಾಗಿದ್ದವು.

ಮೊದಲ ಪ್ರಶ್ನೆ ಗ್ರೀನ್‌ಲ್ಯಾಂಡಿನದು. ನಕ್ಷೆಯಲ್ಲಿ ಅದು ಸುತ್ತಲೂ ಸಮುದ್ರವಿರುವ ದ್ವೀಪ, ಅದೂ ಇಂದಿನ ಶಾಲಾ ಭೂಪಟದಿಂದ ಎತ್ತಿ ಇಟ್ಟಂತೆ. ಹದಿನೈದನೆಯ ಶತಮಾನದ ಭೂಪಟಕಾರರು ಅದನ್ನು ಉತ್ತರದ ಭೂಮಿಗೆ ಅಂಟಿದ ಪರ್ಯಾಯದ್ವೀಪ ಎಂದೇ ಬರೆಯುತ್ತಿದ್ದರು. ಹಿಮಗಡ್ಡೆ ಕಟ್ಟಿದ ಆ ಉತ್ತರ ತೀರವನ್ನು ದೋಣಿಯಲ್ಲಿ ಸುತ್ತಿ ಬಂದ ನಾವಿಕ ಮಧ್ಯಯುಗದಲ್ಲಿ ಇದ್ದನೆಂದು ನಂಬುವುದು ಕಷ್ಟ. ಎರಡನೆಯದು ಭಾಷೆಯದು. ಲೇಫ್ ಎರಿಕ್ಸನ್ ಹೆಸರನ್ನು ನಕ್ಷೆ ‘ಎರಿಸ್ಸೋನಿಯುಸ್’ ಎಂದು ಲ್ಯಾಟಿನ್‌ಗೆ ತಿರುಗಿಸಿದೆ. ತಂದೆಯ ಹೆಸರಿಗೆ ಹೀಗೆ ‘ಇಯುಸ್’ ಬಾಲ ಕಟ್ಟುವುದು ಬಹಳ ಈಚಿನ ವಿದ್ವಾಂಸರ ಚಾಳಿ. ಮಧ್ಯಯುಗದ ಲಿಪಿಕಾರ ‘ಎರಿಕನ ಮಗ’ ಎಂದು ನೇರವಾಗಿ ಬರೆಯುತ್ತಿದ್ದ. ಮೂರನೆಯದು ಉಳಿದ ಪ್ರಪಂಚದ ಆಕಾರ. ವೆನಿಸ್ಸಿನ ಅಂದ್ರೇಯಾ ಬಿಯಾಂಕೊ 1436ರಲ್ಲಿ ಬರೆದ ಭೂಪಟಕ್ಕೆ ಅದು ಬಲು ಹತ್ತಿರವಾಗಿದೆ. ಸ್ಕೆಲ್ಟನ್ ಇದನ್ನು ತಾವೇ ಗುರುತಿಸಿದ್ದರು. ಎರಡಕ್ಕೂ ಒಂದು ಸಮಾನ ಮೂಲ ಇದ್ದಿರಬೇಕು ಎಂದು ವಿವರಿಸಿದ್ದರು.

ಇನ್ನು ಮಸಿಯ ಕಥೆ. ಮಧ್ಯಯುಗದ ಯುರೋಪಿನ ಮಸಿ ಹೆಚ್ಚಾಗಿ ಓಕ್ ಮರದ ಮಾಚಿಕಾಯಿಯ ಸತ್ವವನ್ನೂ ಕಬ್ಬಿಣದ ಲವಣವನ್ನೂ ಕೂಡಿಸಿ ಮಾಡಿದ್ದು. ಹೊಸದಾಗಿದ್ದಾಗ ಕಪ್ಪು, ನೂರಾರು ವರ್ಷಗಳಲ್ಲಿ ಅದರ ಅಂಚಿನಲ್ಲಿ ಹಳದಿ ಕಂದು ಕಲೆ ಚರ್ಮದೊಳಗೆ ಹಬ್ಬುತ್ತದೆ. ನಕ್ಷೆಯ ಗೆರೆಯಲ್ಲೂ ಅದೇ ನೋಟ: ಅಡಿಯಲ್ಲಿ ಹಳದಿ ಗೆರೆ, ಅದರ ಮೇಲೆ ಬಹುಪಾಲು ಉದುರಿಹೋದ ಕಪ್ಪು ಗೆರೆ. 1974ರಲ್ಲಿ ಷಿಕಾಗೊದ ಸೂಕ್ಷ್ಮದರ್ಶಕ ತಜ್ಞ ವಾಲ್ಟರ್ ಮೆಕ್ರೋನ್ ಹೇಳಿದ್ದು ಎಲ್ಲರನ್ನೂ ಬೆಚ್ಚಿಬೀಳಿಸಿತು. ಹಳದಿ ಗೆರೆಯಲ್ಲಿ ಅನಟೇಸ್ ಇದೆ ಎಂದರು ಅವರು. ಅನಟೇಸ್ ಟೈಟೇನಿಯಮ್ ಡೈಆಕ್ಸೈಡ್‌ನ ಒಂದು ಸ್ಫಟಿಕ ರೂಪ. ಕಣಗಳ ಗಾತ್ರ ಮತ್ತು ದುಂಡುತನ ಕಾರ್ಖಾನೆಯಲ್ಲಿ ತಯಾರಾದ ಬಿಳಿ ಬಣ್ಣದಲ್ಲಿ ಇರುವಂಥದ್ದು. ಆ ಬಣ್ಣ ಮಾರುಕಟ್ಟೆಗೆ ಬಂದದ್ದು 1920ರ ಸುಮಾರಿಗೆ. ಅಂದರೆ ಯಾರೋ ಮೊದಲು ಹಳದಿ ಗೆರೆ ಎಳೆದು, ಅದರ ಮೇಲೆ ಕಪ್ಪು ಎಳೆದು, ಮಸಿಗೆ ಕೃತಕವಾಗಿ ವಯಸ್ಸು ತರಿಸಿದ್ದರು.

ಪ್ರಕರಣ ಅಲ್ಲಿಗೆ ಮುಗಿಯಬೇಕಿತ್ತು. ಮುಗಿಯಲಿಲ್ಲ. 1980ರ ದಶಕದಲ್ಲಿ ಕ್ಯಾಲಿಫೋರ್ನಿಯಾದ ಡೇವಿಸ್‌ನಲ್ಲಿ ಥಾಮಸ್ ಕೇಹಿಲ್ ತಂಡ ಪ್ರೋಟಾನ್ ಕಿರಣದಿಂದ ಇಡೀ ಹಾಳೆಯನ್ನು ಪರೀಕ್ಷಿಸಿತು. ಟೈಟೇನಿಯಮ್ ಇರುವುದು ಅತ್ಯಲ್ಪ, ಮೆಕ್ರೋನ್ ಹೇಳಿದಷ್ಟು ಇಲ್ಲವೇ ಇಲ್ಲ ಎಂಬುದು ಅವರ ವರದಿ. 1995ರಲ್ಲಿ ಯೇಲ್ ಹಳೆಯ ಗ್ರಂಥವನ್ನೇ ಹೊಸ ಮುನ್ನುಡಿಗಳೊಡನೆ ಮತ್ತೆ ಅಚ್ಚು ಹಾಕಿತು. 2002ರಲ್ಲಿ ಒಂದೇ ವರ್ಷ ಎರಡು ವಿರುದ್ಧ ಸುದ್ದಿಗಳು ಬಂದವು. ಚರ್ಮದ ಅಂಚಿನಿಂದ ಕತ್ತರಿಸಿದ ಚೂರಿನ ಇಂಗಾಲ ಪರೀಕ್ಷೆ 1434, ಹೆಚ್ಚುಕಡಿಮೆ 11 ವರ್ಷ, ಎಂಬ ಕಾಲ ಕೊಟ್ಟಿತು. ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನ ಕ್ಯಾಥರೀನ್ ಬ್ರೌನ್ ಮತ್ತು ರಾಬಿನ್ ಕ್ಲಾರ್ಕ್ ಮಾಡಿದ ಪರೀಕ್ಷೆ ಹಳದಿ ಗೆರೆಯಲ್ಲಿ ಅನಟೇಸ್, ಕಪ್ಪಿನಲ್ಲಿ ಇಂಗಾಲ ಎಂದಿತು. ಈ ಎರಡನೆಯ ಪರೀಕ್ಷೆಗೆ ನೆಲಗಟ್ಟಾದ ರಾಮನ್ ಪರಿಣಾಮ ಸರ್ ಸಿ. ವಿ. ರಾಮನ್ ಅವರ ಶೋಧ. ಬೆಂಗಳೂರಿನ ಓದುಗರಿಗೆ ಆ ಹೆಸರು ಮನೆಯ ಹೆಸರು; ಬೆಳಕಿನ ಚದುರುವಿಕೆಯ ಆ ತತ್ವ ಹದಿನೈದನೆಯ ಶತಮಾನದ್ದೆಂಬ ಮಸಿಯ ಬಣ್ಣ ಬಯಲು ಮಾಡಿದ್ದನ್ನು ನೆನೆದರೆ ಸಂತೋಷವಾಗುತ್ತದೆ.

ಪತ್ರಿಕೆಗಳು ಈ ಎರಡು ವರದಿಗಳನ್ನು ಜಟ್ಟಿಗಳ ಕಾಳಗದಂತೆ ಬರೆದವು. ನಿಜಕ್ಕೂ ಅವುಗಳ ನಡುವೆ ಜಗಳವೇ ಇಲ್ಲ. ಇಂಗಾಲ ಹೇಳುವುದು ಹಾಳೆಗೆ ಚರ್ಮ ಕೊಟ್ಟ ಕರು ಯಾವಾಗ ಸತ್ತಿತು ಎಂದು. ಮಸಿ ಹೇಳುವುದು ಕೈ ಯಾವಾಗ ಬರೆಯಿತು ಎಂದು. ಹಳೆಯ ಖಾಲಿ ಹಾಳೆಯ ಮೇಲೆ ಹೊಸ ಗೆರೆ ಎಂದುಕೊಂಡರೆ ಎರಡೂ ಸತ್ಯ. ಹುಳುವಿನ ತೂತು, ನೀರಗುರುತು, ಇಂಗಾಲ, ಎಲ್ಲವೂ ಒಂದೇ ಮಾತು ಹೇಳುತ್ತಿದ್ದವು: ಪುಸ್ತಕ ಅಪ್ಪಟ. ಕನ್ನಡದಲ್ಲಿ ಗ್ರಂಥಸಂಪಾದನೆ ಮಾಡುವವರ ಬಳಿ ಇದಕ್ಕೆ ತಕ್ಕ ಪದವಿದೆ. ಅಪ್ಪಟ ಕಾವ್ಯದ ನಡುವೆ ಮುಂದಿನವರು ತೂರಿಸಿದ ಪದ್ಯವನ್ನು ಪ್ರಕ್ಷಿಪ್ತ ಎನ್ನುತ್ತೇವೆ. ವಿನ್‌ಲ್ಯಾಂಡ್ ನಕ್ಷೆ ಅಪ್ಪಟ ಪುಸ್ತಕದ ಮೊದಲ ಹಾಳೆಯ ಮೇಲಿನ ಪ್ರಕ್ಷಿಪ್ತ. ನಮ್ಮ ಶಾಸನಶಾಸ್ತ್ರದಲ್ಲಿ ಕೂಟಶಾಸನಗಳ, ಅಂದರೆ ಸುಳ್ಳು ಶಾಸನಗಳ, ಚರ್ಚೆ ಬಲ್ಲವರಿಗೆ, ಗಂಗರ ತಾಮ್ರಪಟಗಳ ಬಗ್ಗೆ ಶಾಸನತಜ್ಞರಾದ ಫ್ಲೀಟ್ ಮತ್ತು ರೈಸ್ ನಡುವೆ ನಡೆದ ದೀರ್ಘ ವಾದ ನೆನಪಾಗದೆ ಇರದು. ಲಿಪಿ, ಭಾಷೆ, ಕಾಲಗಣನೆ, ಲೋಹ ಇವುಗಳನ್ನು ಬೇರೆ ಬೇರೆಯಾಗಿ ತೂಗಬೇಕು ಎಂಬ ಪಾಠ ಅಲ್ಲಿಯೂ ಕಲಿತದ್ದೇ.

ಪ್ರಯೋಗಾಲಯಗಳು ಮಸಿಯ ಬಗ್ಗೆ ವಾದಿಸುತ್ತಿದ್ದಾಗ ಗ್ರಂಥಾಲಯದ ಧೂಳಿನಲ್ಲಿ ಒಂದು ಉತ್ತರ ಕಾದಿತ್ತು. ನನಗೆ ಈ ಪ್ರಕರಣದಲ್ಲಿ ಎಲ್ಲಕ್ಕಿಂತ ಪ್ರಿಯವಾದ ಭಾಗ ಇದೇ.

ಫೆರಾಜೋಲಿ ಸ್ಪೇನಿನ ಸರಗೋಸಾ ನಗರದ ಪ್ರಧಾನ ಚರ್ಚಿನ ಗ್ರಂಥಾಲಯದಿಂದ ಪುಸ್ತಕಗಳು ಕಾಣೆಯಾದ ಪ್ರಕರಣದಲ್ಲಿ ಮುಂದೆ ಶಿಕ್ಷೆಗೊಳಗಾದರು. ನಕ್ಷೆಯ ಪುಸ್ತಕವೂ ಅಲ್ಲಿಂದಲೇ ಬಂದಿರಬಹುದೆ ಎಂಬ ಗುಮಾನಿ ಮೊದಲಿನಿಂದಲೂ ಇತ್ತು. ಸ್ಕಾಟ್ಲೆಂಡಿನ ಸಂಶೋಧಕ ಜಾನ್ ಪಾಲ್ ಫ್ಲಾಯ್ಡ್ ಈ ದಾರಿ ಹಿಡಿದು ಹಳೆಯ ಸ್ಪ್ಯಾನಿಷ್ ಕ್ಯಾಟಲಾಗುಗಳನ್ನು ತಡಕಿದರು. 1892–93ರಲ್ಲಿ ಮ್ಯಾಡ್ರಿಡ್‌ನಲ್ಲಿ ದೊಡ್ಡ ಪ್ರದರ್ಶನ ನಡೆದಿತ್ತು. ಸರಗೋಸಾ ಚರ್ಚಿನವರು ತಮ್ಮ ಕೆಲವು ಹಸ್ತಪ್ರತಿಗಳನ್ನು ಅದಕ್ಕೆ ಎರವಲು ಕೊಟ್ಟಿದ್ದರು. ಅವುಗಳಲ್ಲಿ ಸ್ಪೆಕ್ಯುಲಮ್‌ನ ಒಂದು ಭಾಗವೂ ತಾರ್ತಾರರ ವೃತ್ತಾಂತವೂ ಕೂಡಿದ್ದ ಪುಸ್ತಕವಿತ್ತು. ಸ್ಪ್ಯಾನಿಷ್ ವಿದ್ವಾಂಸ ಕ್ರಿಸ್ಟೋಬಾಲ್ ಪೆರೆಸ್ ಪಾಸ್ಟೋರ್ ಅದನ್ನು ಕೈಯಲ್ಲಿ ಹಿಡಿದು ವಿವರ ಬರೆದುಕೊಂಡಿದ್ದರು. ವಿವರದಲ್ಲಿ ಎರಡು ಬರಹಗಳಿವೆ. ನಕ್ಷೆಯ ಸುಳಿವಿಲ್ಲ.

ಆ ಪ್ರದರ್ಶನ ಯಾವುದರ ನೆನಪಿಗೆ ನಡೆದದ್ದು ಗೊತ್ತೆ? ಕೊಲಂಬಸ್ ಅಮೆರಿಕ ತಲುಪಿದ 400ನೆಯ ವರ್ಷದ ನೆನಪಿಗೆ. ಅಂಥ ಸಭೆಯ ನಡುವೆ, ಕೊಲಂಬಸ್‌ಗಿಂತ ಮೊದಲೇ ಅಮೆರಿಕದ ಅಂಚು ತೋರಿಸುವ ಭೂಪಟ ಪುಸ್ತಕದ ಮೊದಲ ಹಾಳೆಯಲ್ಲಿಯೇ ಇದ್ದಿದ್ದರೆ ಯಾರ ಕಣ್ಣಿಗೂ ಬೀಳದೆ ಹೋಗುತ್ತಿತ್ತೆ? ಹಸ್ತಪ್ರತಿಯನ್ನು ಬಲ್ಲವನೊಬ್ಬ ಅದನ್ನು ಬಿಚ್ಚಿ ಬರೆದುಕೊಂಡಿದ್ದಾನೆ. ನಕ್ಷೆಯನ್ನು ಕಂಡಿದ್ದರೆ ಅದನ್ನೇ ಮೊದಲು ಬರೆಯುತ್ತಿದ್ದ. ಅನಟೇಸ್ ಹೇಳಿದ ಕಾಲದ ಗಡಿಗೂ ಈ ಸಾಕ್ಷಿಗೂ ತಕ್ಕಡಿ ಸರಿಹೋಗುತ್ತದೆ: 1893ರ ತನಕ ನಕ್ಷೆ ಇರಲಿಲ್ಲ, 1957ರಲ್ಲಿ ಇತ್ತು.

ಫ್ಲಾಯ್ಡ್ ಇನ್ನೊಂದು ಗಂಟನ್ನೂ ಬಿಚ್ಚಿದರು. ಬಿಯಾಂಕೊನ ಭೂಪಟವನ್ನು ವಿನ್ಚೆಂಜೊ ಫೋರ್ಮಲೆಯೋನಿ 1782ರಲ್ಲಿ ಕೆತ್ತಿಸಿ ಅಚ್ಚು ಹಾಕಿಸಿದ್ದ. ಕೆತ್ತುವಾಗ ಅವನು ಕೆಲವು ಕಡೆ ಗೆರೆಗಳನ್ನು ತಪ್ಪಿದ್ದ. ಆ ತಪ್ಪುಗಳು ವಿನ್‌ಲ್ಯಾಂಡ್ ನಕ್ಷೆಯಲ್ಲೂ ಇವೆ. ಪಾಠಾಂತರಗಳನ್ನು ಹೋಲಿಸಿ ಪ್ರತಿಗಳ ವಂಶವೃಕ್ಷ ಬರೆಯುವವರು ಬಳಸುವ ಹಳೆಯ ಸೂತ್ರವೇ ಇದು: ಸರಿಯಾದ ಓದು ಎಲ್ಲಿಂದಲಾದರೂ ಬರಬಹುದು, ಒಂದೇ ತಪ್ಪು ಎರಡು ಕಡೆ ಕಂಡರೆ ಒಂದು ಇನ್ನೊಂದನ್ನು ನೋಡಿ ಬರೆದದ್ದು. 1440ರ ನಕ್ಷೆ 1782ರ ಕೆತ್ತನೆಗಾರನ ಕೈತಪ್ಪನ್ನು ನೋಡಿ ಬರೆಯಲಾರದು. ಸ್ಕೆಲ್ಟನ್ ಊಹಿಸಿದ್ದ ಸಮಾನ ಮೂಲ ಇರಲೇ ಇಲ್ಲ. ಇದ್ದದ್ದು ಅಚ್ಚಾದ ಒಂದು ಹಾಳೆ.

2021ರ ಸೆಪ್ಟೆಂಬರ್‌ನಲ್ಲಿ ಯೇಲ್ ತಾನೇ ಬಾಯಿ ಬಿಟ್ಟಿತು. ಬೈನೆಕಿಯ ಪ್ರಾಚೀನ ಪುಸ್ತಕಗಳ ಕ್ಯುರೇಟರ್ ರೇಮಂಡ್ ಕ್ಲೆಮೆನ್ಸ್, ಸಂರಕ್ಷಣಾ ತಜ್ಞೆ ಮಾರಿ-ಫ್ರಾನ್ಸ್ ಲೆಮೆ, ವಿಜ್ಞಾನಿ ರಿಚರ್ಡ್ ಹಾರ್ಕ್ ಮತ್ತು ಅವರ ಸಹೋದ್ಯೋಗಿಗಳು ಈ ಸಲ ಎಲ್ಲೋ ಒಂದು ಚೂರನ್ನು ಮಾತ್ರ ಪರೀಕ್ಷಿಸಲಿಲ್ಲ. ಇಡೀ ಹಾಳೆಯ ಮೇಲೆ ಎಕ್ಸ್‌ಕಿರಣ ಹಾಯಿಸಿ ಯಾವ ಧಾತು ಎಲ್ಲಿದೆ ಎಂಬ ಚಿತ್ರವನ್ನೇ ತೆಗೆದರು. ಗೆರೆಗಳಲ್ಲಿ, ಅಕ್ಷರಗಳಲ್ಲಿ, ಉದ್ದಕ್ಕೂ ಟೈಟೇನಿಯಮ್. ಮಾಚಿಕಾಯಿ ಮಸಿಯಲ್ಲಿ ಧಾರಾಳವಾಗಿರಬೇಕಾದ ಕಬ್ಬಿಣ ಇಲ್ಲಿ ನಾಮಮಾತ್ರ. ಮಧ್ಯ ಯುರೋಪಿನ ಹದಿನೈದನೆಯ ಶತಮಾನದ 50 ಹಸ್ತಪ್ರತಿ ತುಣುಕುಗಳನ್ನು ಪಕ್ಕದಲ್ಲಿಟ್ಟು ಹೋಲಿಸಿದಾಗ ಅವುಗಳಲ್ಲಿ ಇದರ ತದ್ವಿರುದ್ಧ. ಕಣಗಳ ರೂಪ 1923ರಲ್ಲಿ ನಾರ್ವೆಯಲ್ಲಿ ತಯಾರಾದ ಬಣ್ಣಕ್ಕೆ ಅತಿ ಹತ್ತಿರ.

ಆಮೇಲೆ ಹಾಳೆಯನ್ನು ತಿರುಗಿಸಿದರು.

ಹಿಂಬದಿಯ ಆ ಲ್ಯಾಟಿನ್ ಸಾಲಿನ ಅರ್ಥ ಸ್ಥೂಲವಾಗಿ ‘ಸ್ಪೆಕ್ಯುಲಮ್‌ನ ಮೊದಲನೆಯ, ಎರಡನೆಯ, ಮೂರನೆಯ ಭಾಗದ ಚಿತ್ರಣ’ ಎಂದು. 1965ರಲ್ಲಿ ನಕ್ಷೆಯ ಪರವಾಗಿ ಇದ್ದ ಬಲವಾದ ಸಾಕ್ಷಿಗಳಲ್ಲಿ ಅದೊಂದು; ನಕ್ಷೆ ಸ್ಪೆಕ್ಯುಲಮ್‌ಗೆಂದೇ ಬರೆದದ್ದು ಎಂದು ಅದು ತಾನೇ ಹೇಳುತ್ತಿರುವಂತೆ ಕಂಡಿತ್ತು. ಎಕ್ಸ್‌ಕಿರಣದ ಚಿತ್ರದಲ್ಲಿ ಆ ಸಾಲು ಎರಡು ಪದರಗಳಾಗಿ ಒಡೆಯಿತು. ಅಡಿಯಲ್ಲಿ ಹಳೆಯ ಮಸಿಯ ಬರಹ. ಅದು ಬಹುಶಃ ರಟ್ಟು ಕಟ್ಟುವವನ ಟಿಪ್ಪಣಿ, ಭಾಗಗಳನ್ನು ಯಾವ ಕ್ರಮದಲ್ಲಿ ಹೊಲಿಯಬೇಕು ಎಂಬ ಗುರುತು. ಅದರ ಮೇಲೆ ಆಧುನಿಕ ಮಸಿಯಲ್ಲಿ ತಿದ್ದಿದ ಬರಹ. ಕ್ಲೆಮೆನ್ಸ್ ಇದನ್ನು ಮೋಸದ ಪ್ರಬಲ ಸಾಕ್ಷಿ ಎಂದರು. ಅವರ ಮಾತು ನನಗೆ ಸಂಪೂರ್ಣ ಒಪ್ಪಿಗೆ. ಮುಂಬದಿಯ ನಕ್ಷೆಯನ್ನಷ್ಟೇ ನೋಡಿದರೆ, ಯಾರೋ ಭೂಪಟಪ್ರಿಯ ತನ್ನ ಖುಷಿಗೆ, ಮಾರುವ ಉದ್ದೇಶವಿಲ್ಲದೆ ಬರೆದನೆಂದು ವಾದಿಸಲು ಸಂದಿತ್ತು. ನಾರ್ಸ್ ಯಾನಗಳ ವಿದ್ವಾಂಸೆ ಕಿರ್ಸ್ಟನ್ ಸೀವರ್ ಜರ್ಮನ್ ಜೆಸುಯಿಟ್ ಪಾದ್ರಿ ಜೋಸೆಫ್ ಫಿಷರ್ ಅವರೇ ಹಾಗೆ ಬರೆದಿರಬಹುದೆಂದು ವಾದಿಸಿದ್ದರು. ಆ ವಾದ ಸಾಬೀತಾಗಿಲ್ಲ, 1944ರಲ್ಲಿ ತೀರಿಕೊಂಡ ವಿದ್ವಾಂಸರೊಬ್ಬರ ಹೆಸರಿಗೆ ಅಷ್ಟು ಭಾರ ಹೊರಿಸಲು ನನ್ನ ಮನಸ್ಸು ಒಪ್ಪುವುದಿಲ್ಲ. ಬರೆದವರು ಯಾರೇ ಇರಲಿ, ಹಿಂಬದಿಯ ತಿದ್ದುಪಡಿ ಆಟಕ್ಕೆ ಮಾಡಿದ್ದಲ್ಲ. ನಾಳೆ ಪರೀಕ್ಷಿಸುವವನು ಹಾಳೆಯನ್ನು ತಿರುಗಿಸುತ್ತಾನೆ ಎಂದು ಗೊತ್ತಿದ್ದವನು, ಅವನನ್ನು ದಾರಿ ತಪ್ಪಿಸಲು ಮಾಡಿದ್ದು.

ಈ ಕಥೆ ಹೇಳುವವರು ಸಾಮಾನ್ಯವಾಗಿ ನಕ್ಷೆ ಸುಳ್ಳೆಂದು ತಿಳಿದ ಕೂಡಲೆ ಎದ್ದು ಹೋಗುತ್ತಾರೆ. ನನಗೆ ಹಾಗೆ ಹೋಗಲು ಆಗುವುದಿಲ್ಲ, ಏಕೆಂದರೆ ಈ ಪ್ರಕರಣದಲ್ಲಿ ಗಾಯಗೊಂಡದ್ದು ಒಂದು ಪುಸ್ತಕ. ತಾರ್ತಾರರ ವೃತ್ತಾಂತ ಎಂಥ ಬರಹ ಎಂಬುದನ್ನು ನೋಡಿ. 1245ರಲ್ಲಿ ಪೋಪ್ ನಾಲ್ಕನೆಯ ಇನ್ನೊಸೆಂಟ್ ಮಂಗೋಲರ ಬಳಿಗೆ ಕಳುಹಿಸಿದ ಫ್ರಾನ್ಸಿಸ್ಕನ್ ಸಂನ್ಯಾಸಿ ಜೊವಾನ್ನಿ ದ ಪಿಯಾನ್ ದೆಲ್ ಕಾರ್ಪಿನೆ 1247ರಲ್ಲಿ ಹಿಂದಿರುಗಿದ. ಆ ಯಾತ್ರೆಯವರು ಕಂಡದ್ದು ಕೇಳಿದ್ದನ್ನು ಸಿ. ದ ಬ್ರಿಡಿಯಾ ಎಂಬ ಇನ್ನೊಬ್ಬ ಸಂನ್ಯಾಸಿ ಅದೇ ವರ್ಷದ ಜುಲೈ 30ರಂದು ಬರೆದು ಮುಗಿಸಿದ. ಮಂಗೋಲರ ಯುದ್ಧಕ್ರಮ, ಮದುವೆ, ಸಾವು, ಚೆಂಗಿಸ್ ಖಾನನ ಕುರಿತ ದಂತಕಥೆಗಳು ಇದರಲ್ಲಿವೆ. ಏಷ್ಯಾದ ಇತಿಹಾಸ ಓದುವವರಿಗೆ ಇದೊಂದು ನಿಧಿ. ಯೇಲ್ ಪ್ರತಿ ಬಿಟ್ಟರೆ ಮತ್ತೊಂದು ಇಲ್ಲವೆಂದೇ ಬಹುಕಾಲ ನಂಬಲಾಗಿತ್ತು. ನಕ್ಷೆಗೆ ಕಳಂಕ ತಗುಲಿದಾಗ ಪಕ್ಕದಲ್ಲಿದ್ದ ಈ ಬರಹದ ಮೇಲೂ ಅನುಮಾನದ ನೆರಳು ಬಿತ್ತು. ಅಮೆರಿಕದ ಇತಿಹಾಸಕಾರ ಗ್ರೆಗರಿ ಗುಜ್ಮನ್ ಸ್ವಿಟ್ಜರ್ಲೆಂಡಿನ ಲೂಸರ್ನ್ ನಗರದ ಗ್ರಂಥಾಲಯದಲ್ಲಿ ಎರಡನೆಯ ಪ್ರತಿಯನ್ನು ಗುರುತಿಸಿ 2006ರಲ್ಲಿ ಪ್ರಕಟಿಸಿದಾಗ ಆ ನೆರಳು ಸರಿಯಿತು. ಅಲ್ಲಿಯೂ ವೃತ್ತಾಂತ ಸ್ಪೆಕ್ಯುಲಮ್‌ನ ಜೊತೆಯಲ್ಲೇ ಇದೆ. ನಕ್ಷೆ ಇಲ್ಲ. ಎರಡನ್ನೂ ಜೊತೆಗೆ ನಕಲು ಮಾಡುವ ಸಂಪ್ರದಾಯವೊಂದು ಇತ್ತೆಂಬುದು ಇದರಿಂದ ತಿಳಿಯಿತು. ಇದು ನಕ್ಷೆಗಿಂತ ಎಷ್ಟೋ ದೊಡ್ಡ ಸುದ್ದಿ, ಆದರೆ ಯಾವ ಮುಖಪುಟವೂ ಅದನ್ನು ಹೊತ್ತು ಬರಲಿಲ್ಲ.

ಸರಗೋಸಾದ ಕಪಾಟಿನಲ್ಲಿ ಒಟ್ಟಾಗಿದ್ದ ಪುಸ್ತಕವನ್ನು ಬಿಚ್ಚಿ ಎರಡಾಗಿ ಮಾರಲಾಯಿತು. ಬಿಟ್ಟ ಹಾಳೆಯನ್ನು ಕಿತ್ತು ವೃತ್ತಾಂತದ ಮುಂದೆ ಕೂರಿಸಲಾಯಿತು. ಕುಶಲಕರ್ಮಿಯೊಬ್ಬ ತನ್ನ ಕೆಲಸಕ್ಕಾಗಿ ಬರೆದಿಟ್ಟ ಸಾಲಿನ ಮೇಲೆ ಬೇರೊಬ್ಬನ ಮಸಿ ಹರಿಯಿತು. ನಾರ್ಸ್ ಜನ ಅಮೆರಿಕಕ್ಕೆ ಹೋದದ್ದನ್ನು ಸಾಧಿಸಲು ಇದೊಂದೂ ಬೇಕಿರಲಿಲ್ಲ. ಗ್ರಂಥ ಪ್ರಕಟವಾಗುವ ಐದು ವರ್ಷ ಮೊದಲೇ, 1960ರಲ್ಲಿ, ಹೆಲ್ಗೆ ಇಂಗ್‌ಸ್ಟಾಡ್ ಕೆನಡಾದ ನ್ಯೂಫೌಂಡ್‌ಲ್ಯಾಂಡಿನ ಲಾನ್ಸ್ ಓ ಮೆಡೋಸ್‌ನಲ್ಲಿ ನಾರ್ಸ್ ಮನೆಗಳ ನೆಲೆಯನ್ನು ಕಂಡಿದ್ದರು. ಪುರಾತತ್ತ್ವಜ್ಞೆಯಾದ ಅವರ ಪತ್ನಿ ಆನ್ನೆ ಸ್ಟೀನೆ ಅಲ್ಲಿ ವರ್ಷಗಳ ಕಾಲ ಉತ್ಖನನ ನಡೆಸಿದರು. ಯೇಲ್ ಘೋಷಣೆಯ ಮರುತಿಂಗಳು, 2021ರ ಅಕ್ಟೋಬರ್‌ನಲ್ಲಿ, ಆ ನೆಲೆಯಲ್ಲಿ ಸಿಕ್ಕ ಮರದ ತುಂಡುಗಳ ಅಧ್ಯಯನ ಪ್ರಕಟವಾಯಿತು. ಸಾಮಾನ್ಯ ಶಕ 993ರ ಸೌರ ಸ್ಫೋಟ ಮರದ ಬಳೆಗಳಲ್ಲಿ ಬಿಟ್ಟ ಗುರುತನ್ನು ಹಿಡಿದು, ಅಲ್ಲಿಂದ ತೊಗಟೆಯ ತನಕ ಬಳೆ ಎಣಿಸಿ, ಲೋಹದ ಹತ್ಯಾರದಿಂದ ಆ ಮರಗಳನ್ನು ಕಡಿದದ್ದು 1021ರಲ್ಲಿ ಎಂದು ಸಂಶೋಧಕರು ಸ್ಥಾಪಿಸಿದರು.

ಯೇಲ್ ನಕ್ಷೆಯನ್ನು ಎಸೆಯಲಿಲ್ಲ. ಅದೂ ಈಗ ಒಂದು ಐತಿಹಾಸಿಕ ವಸ್ತು ಎಂದು ಸಂಗ್ರಹದಲ್ಲೇ ಉಳಿಸಿಕೊಂಡಿದೆ. ಸರಿಯಾದ ತೀರ್ಮಾನ. ಪುಸ್ತಕದ ಮೂರೂ ತುಂಡುಗಳು ಈಗ ಒಂದೇ ಕಟ್ಟಡದಲ್ಲಿವೆ. ಸ್ಪೆಕ್ಯುಲಮ್‌ನ 21ರಿಂದ 24ನೆಯ ತನಕದ ಭಾಗ ಅಲ್ಲಿದೆ. ಒಂದರಿಂದ ಇಪ್ಪತ್ತನೆಯ ತನಕದವೂ 24ರ ನಂತರದವೂ ಆ ಲಿಪಿಕಾರನ ಕೈಯಲ್ಲಿ ಬೇರೆ ಸಂಪುಟಗಳಾಗಿ ಇದ್ದಿರಬೇಕು. ಎತ್ತಿನ ತಲೆಯ ನೀರಗುರುತು, ಚರ್ಮ ಮತ್ತು ಕಾಗದ ಬೆರೆತ ಕಟ್ಟು, ಆ ಕೈಬರಹದ ಬಳುಕು: ಇವನ್ನು ಗುರುತು ಹಿಡಿದು ಸ್ಪೇನಿನ, ರೈನ್ ದಂಡೆಯ ಕಪಾಟುಗಳಲ್ಲಿ ಅವುಗಳನ್ನು ಹುಡುಕುವವರಿಗೆ ಆಧುನಿಕ ಮಸಿಯ ಅಡಿಯಿಂದ ಈಗ ಮೇಲೆದ್ದಿರುವ ರಟ್ಟು ಕಟ್ಟುವವನ ಆ ಒಂದು ಸಾಲು ಒಳ್ಳೆಯ ಸುಳಿವು.